ಅಪ್ಪನ ಜೊತೆ ಕೊಲೊರಾಡೋ ಬೆಟ್ಟಗಳಲ್ಲಿ: ಪೈನ್ ವಾಸನೆಯ ಬೆನ್ನು ಹತ್ತಿ

ಸೆಪ್ಟೆಂಬರ್ ಕೊನೆಗೆ ಕೊಲೊರಾಡೋದಲ್ಲಿರುವ ಕನ್ನಡದವರೆಲ್ಲರ ಫೋನಿನಲ್ಲೂ ಒಂದೇ ಫೋಟೋ ಇರುತ್ತದೆ. ಹಳದಿ ಆಸ್ಪೆನ್ ಮರಗಳ ಕೆಳಗೆ ಜಾಕೆಟ್ ಹಾಕಿಕೊಂಡು ನಿಂತ ಸಂಸಾರ. ನಾವು ಹೊರಟದ್ದೂ ಅದಕ್ಕೇ. ಮೂಡಿಗೆರೆಯಿಂದ ಅಪ್ಪ ಬಂದಿದ್ದರು. ಜೀವಮಾನವೆಲ್ಲಾ ಕಾಫಿ ತೋಟದಲ್ಲಿ ಕಳೆದವರು. ಹಳದಿ ಎಲೆ ತೋರಿಸಿದರೆ "ಏನು ರೋಗ ಬಂದಿದೆ?" ಅಂತಲೇ ಮೊದಲು ಕೇಳುತ್ತಾರೆ. ಹಾಗಾಗಿ ಈ ಪ್ರವಾಸ ಆಸ್ಪೆನ್‌ಗಿಂತ ಜಾಸ್ತಿ ಪೈನ್ ಮರದ ಹುಳುವಿನ ಹಿಂದೆ ಹೋಯಿತು. ಫೋಟೋನೂ ತೆಗೆದೆವು ಬಿಡಿ.

ಶುಕ್ರವಾರ: ಬೋಲ್ಡರ್ ದಾಟಿ ಎಸ್ಟೆಸ್ ಪಾರ್ಕಿಗೆ

ಡೆನ್ವರ್ ಪಕ್ಕದ ಅರೋರಾದ ಮನೆಯಿಂದ ಹೊರಟಾಗ ಎದುರಿಗೆ ಬೆಟ್ಟವೇ ಸರಿಯಾಗಿ ಕಾಣುತ್ತಿರಲಿಲ್ಲ. ಡೆನ್ವರ್ ಮೇಲೆ ಕಂದು ಮಬ್ಬು ಕವಿದಿತ್ತು. ಎಂಜಿನ್ ಹೊಗೆಗೆ ಬಿಸಿಲು ಸೇರಿ ನೆಲದ ಹತ್ತಿರ ಹುಟ್ಟುವ, ಉಸಿರಿಗೆ ಒಗ್ಗದ ಓಝೋನ್‌ನ ಕಾಟ ಇಲ್ಲಿ ಹೊಸದಲ್ಲ. 2022ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಈ ಪ್ರದೇಶವನ್ನು ಓಝೋನ್ ಮಿತಿ ತೀವ್ರವಾಗಿ ಮೀರಿದ ಜಾಗಗಳ ಸಾಲಿಗೆ ಸೇರಿಸಿತು. ಅಪ್ಪನಿಗೆ ಸ್ವಲ್ಪ ಉಬ್ಬಸ. "ಬೆಟ್ಟಕ್ಕೆ ಹೋದ್ರೆ ಗಾಳಿ ಶುದ್ಧ ಇರತ್ತೆ, ಅಲ್ವಾ?" ಅಂದರು. ಹೂಂ ಅಂದೆ.

ಬೋಲ್ಡರ್‌ನಲ್ಲಿ ಮೇಸಾ ಲ್ಯಾಬ್‌ಗೆ ಹೋದೆವು. ಊರಿನ ಅಂಚಿನ ದಿಣ್ಣೆಯ ಮೇಲೆ ಕೆಂಪು ಮಣ್ಣಿನ ಬಣ್ಣದ ಕಾಂಕ್ರೀಟ್ ಗೋಪುರಗಳು. ಐ.ಎಂ. ಪೇ ವಿನ್ಯಾಸ ಮಾಡಿದ ಕಟ್ಟಡ. ರಾಷ್ಟ್ರೀಯ ವಾತಾವರಣ ಸಂಶೋಧನಾ ಕೇಂದ್ರ ಇರುವುದು ಇಲ್ಲೇ. ಒಳಗೆ ನೋಡಲು ದುಡ್ಡು ಕೊಡಬೇಕಾಗಿಲ್ಲ. ಹಿಂದುಗಡೆ ಹವಾಮಾನದ ಫಲಕಗಳಿರುವ ಸಣ್ಣ ಕಾಲುದಾರಿ ಇದೆ, ವಯಸ್ಸಾದವರೂ ಆರಾಮಾಗಿ ನಡೆಯಬಹುದು.

ಆ ದಾರಿಯಲ್ಲಿ ನಾಯಿ ಹಿಡಿದುಕೊಂಡು ಬರುತ್ತಿದ್ದ ಒಬ್ಬರು ಹಿರಿಯರು ಸಿಕ್ಕರು. ಅಪ್ಪ ಎರಡೂ ಕೈ ಚಾಚಿ ಉಸಿರೆಳೆಯುವುದನ್ನು ನೋಡಿ ನಕ್ಕರು. "ಈ ವಾಸನೆ ಗಾಳಿಯದ್ದಲ್ಲ, ಮರದ್ದು. ನೀವು ಈಗ ಟರ್ಪೀನ್ ಕುಡೀತಾ ಇದ್ದೀರಿ" ಅಂದರು. ಮೊದಲು ವಾತಾವರಣದ ಉಪಕರಣಗಳ ಕೆಲಸ ಮಾಡುತ್ತಿದ್ದವರಂತೆ. ನಾಯಿ ಎಳೆಯುತ್ತಿದ್ದರೂ ಹತ್ತು ನಿಮಿಷ ನಿಂತು ಪಾಠ ಮಾಡಿದರು.

ಅವರು ಹೇಳಿದ್ದು ಇಷ್ಟು. ಪೈನ್, ಸ್ಪ್ರೂಸ್ ಮರಗಳ ಅಂಟಿನಲ್ಲಿ ಮಾನೊಟರ್ಪೀನ್ ಅನ್ನುವ ಎಣ್ಣೆಯಂಥ ವಸ್ತುಗಳಿರುತ್ತವೆ. ಟರ್ಪೆಂಟೈನ್ ವಾಸನೆ ಅಂದರೆ ಅದೇ. ಬಿಸಿಲು ಏರಿದ ಹಾಗೆ ಆವಿಯಾಗಿ ಹೊರಗೆ ಬರುತ್ತವೆ. ಗಾಳಿಯಲ್ಲಿರುವ ಓಝೋನ್ ಮತ್ತಿತರ ಚುರುಕಾದ ಅನಿಲಗಳ ಜೊತೆ ಬೆರೆತು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗುತ್ತವೆ. ದೂರದ ಬೆಟ್ಟ ನೀಲಿಯಾಗಿ ಕಾಣುವುದರಲ್ಲಿ ಆ ಕಣಗಳ ಪಾಲೂ ಇದೆ. ಫ್ರಿಟ್ಸ್ ವೆಂಟ್ ಅನ್ನುವ ಸಸ್ಯವಿಜ್ಞಾನಿ 1960ರಲ್ಲೇ ಈ ನೀಲಿ ಮಬ್ಬಿಗೂ ಗಿಡಮರಗಳ ಆವಿಗೂ ಸಂಬಂಧ ಇದೆ ಅಂತ ಬರೆದಿದ್ದರು.

"ಹಾಗಾದ್ರೆ ಮರನೇ ಹೊಗೆ ಬಿಡತ್ತೆ ಅಂತಾಯ್ತು" ಅಂದರು ಅಪ್ಪ.

"ಮರ ಬಿಡೋದು ಆವಿ. ಅದು ಏನಾಗತ್ತೆ ಅನ್ನೋದು ಗಾಳಿಯಲ್ಲಿ ಬೇರೆ ಏನಿದೆ ಅನ್ನೋದರ ಮೇಲೆ ಹೋಗತ್ತೆ" ಅಂದ ಆ ಮನುಷ್ಯ, ಹುಳು ಹೊಡೆದ ಕಾಡು ನೋಡಬೇಕಾದರೆ ಬೆಟ್ಟದ ಆಚೆ ಇಳಿಯಿರಿ ಅಂತ ಹೇಳಿ ಹೊರಟರು. ಅಪ್ಪನ ಕಿವಿ ನೆಟ್ಟಗಾಯಿತು.

ಲಯನ್ಸ್ ಮೂಲಕ ಎಸ್ಟೆಸ್ ಪಾರ್ಕ್ ತಲುಪುವಾಗ ಮಧ್ಯಾಹ್ನ ಮೀರಿತ್ತು. ದಾರಿಯ ಅಂಗಡಿಯಲ್ಲಿ ಪ್ಯಾಲಿಸೇಡ್ ಪೀಚ್ ಹಣ್ಣಿನ ಕೊನೆಯ ಬುಟ್ಟಿ ಸಿಕ್ಕಿತು. ಸೆಪ್ಟೆಂಬರಿನಲ್ಲಿ ಬಂದರೆ ಬಿಡಬೇಡಿ. ಸಂಜೆ ಎಲ್ಕ್ ಕಡವೆಗಳು ಊರಿನ ಗಾಲ್ಫ್ ಮೈದಾನಕ್ಕೇ ಬಂದು ಕೂಗುತ್ತಿದ್ದವು. ಆ ಗಾತ್ರದ ಪ್ರಾಣಿಗೆ ಸೀಟಿ ಹೊಡೆದಂಥ ದನಿ. ಬೆದೆಯ ಕಾಲ, ಗಂಡಿನ ಹತ್ತಿರ ಹೋಗಬಾರದು. ಕಾರಿನ ಪಕ್ಕದಿಂದಲೇ ನೋಡಿದೆವು.

ಲಾಡ್ಜಿನ ಹಿಂದೆ ದಪ್ಪನೆಯ ಪಾಂಡೆರೋಸಾ ಪೈನ್ ಇತ್ತು. ಕಿತ್ತಳೆ ಬಣ್ಣದ ತೊಗಟೆಯ ಬಿರುಕಿಗೆ ಮೂಗಿಟ್ಟರೆ ವೆನಿಲ್ಲಾ ಪರಿಮಳ ಬರುತ್ತದೆ ಅಂತ ಕೇಳಿದ್ದೆ. ಅಪ್ಪನಿಗೆ ಹೇಳಿದೆ. ಅವರು ಮೂಸಿ ಮುಖ ಸಿಂಡರಿಸಿದರು. ನಮ್ಮ ಕಡೆ 2003ರ ಸುಮಾರಿಗೆ ವೆನಿಲ್ಲಾ ಬೆಲೆ ಆಕಾಶಕ್ಕೇರಿದಾಗ ಅಪ್ಪನೂ ಬಳ್ಳಿ ಹಾಕಿದ್ದರು. ಹೂವಿಗೆ ಕಡ್ಡಿಯಿಂದ ಪರಾಗ ಮುಟ್ಟಿಸಿ, ರಾತ್ರಿ ಕಾವಲು ಕಾದು, ಕಾಯಿ ಕೈಗೆ ಬರುವ ಹೊತ್ತಿಗೆ ಬೆಲೆ ನೆಲಕ್ಕೆ ಬಿದ್ದಿತ್ತು. "ಇದೊಂದು ವಾಸನೆ ಬೇಡ ಕಣೇ" ಅಂದು ಒಳಗೆ ಹೋದರು.

ಶನಿವಾರ: ಟ್ರೈಲ್ ರಿಡ್ಜ್ ರಸ್ತೆ, ಗ್ರ್ಯಾಂಡ್ ಲೇಕ್

ರಾಕಿ ಮೌಂಟನ್ ನ್ಯಾಷನಲ್ ಪಾರ್ಕಿನ ಒಳಗೆ ಹೋಗಲು ಈ ಸೀಸನ್ನಿನಲ್ಲಿ ಸಮಯ ಗೊತ್ತುಮಾಡಿದ ಪರ್ಮಿಟ್ ಬೇಕು. ನಮ್ಮೆಜಮಾನ್ರು ಮೊದಲೇ ಆನ್‌ಲೈನಿನಲ್ಲಿ ತೆಗೆದಿದ್ದರು. ಇಲ್ಲದವರು ಗೇಟಿನಿಂದ ಹಿಂದಕ್ಕೆ ತಿರುಗುವುದನ್ನು ಕಣ್ಣಾರೆ ಕಂಡೆವು.

ಟ್ರೈಲ್ ರಿಡ್ಜ್ ರಸ್ತೆಯ ತುದಿ 12,183 ಅಡಿ. ಮೇ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಮಾತ್ರ ತೆರೆದಿರುತ್ತದೆ, ಅದೂ ಹಿಮ ಬೀಳದಿದ್ದರೆ. ಮೇಲೆ ಹೋದ ಹಾಗೆ ಮರಗಳು ಕುಳ್ಳಾಗುತ್ತಾ, ಗಾಳಿಗೆ ಒಂದೇ ಕಡೆ ಬಾಗುತ್ತಾ, ಕೊನೆಗೆ ಮರವೇ ಇಲ್ಲ. ಬರೀ ಹುಲ್ಲು, ಬಂಡೆ. ಅಲ್ಲಿ ಪೈನ್ ವಾಸನೆಯೂ ನಿಂತುಹೋಯಿತು. ಗಾಳಿಗೆ ಕಾರಿನ ಬಾಗಿಲು ಕೈಯಿಂದ ಕಿತ್ತುಕೊಂಡು ಹೋಯಿತು. ಸ್ವಲ್ಪ ಹೊತ್ತಿಗೆ ಹಿಂದಿನ ಸೀಟಿನಲ್ಲಿ ಟಪ್ ಅಂತ ಸದ್ದು. ಚಿಪ್ಸ್ ಪೊಟ್ಟಣ ಊದಿಕೊಂಡು ಒಡೆದಿತ್ತು. ಅದರ ಬೆನ್ನಿಗೇ ಅಮ್ಮ ಕಳಿಸಿದ್ದ ಮಿಡಿ ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ಸಡಿಲವಾಗಿ ಎಣ್ಣೆ ಅಪ್ಪನ ಸ್ವೆಟರಿಗೆ. ಈ ಎತ್ತರಕ್ಕೆ ಹೋಗುವಾಗ ಉಪ್ಪಿನಕಾಯಿ ಡಬ್ಬಿಯನ್ನು ಒಂದು ಸಲ ತೆರೆದು ಮುಚ್ಚಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ಗಂಟು ಹಾಕಿ. ಅಪ್ಪನಿಗೆ ತಲೆನೋವು ಶುರುವಾಗಿತ್ತು. ನೀರು ಕುಡಿಸಿ, ಮೇಲೆ ಜಾಸ್ತಿ ನಿಲ್ಲದೆ ಇಳಿದೆವು.

ಮಿಲ್ನರ್ ಪಾಸ್‌ನಲ್ಲಿ ಖಂಡದ ನೀರು ಎರಡು ಪಾಲಾಗುತ್ತದೆ. ಪಶ್ಚಿಮಕ್ಕೆ ಬಿದ್ದ ಮಳೆ ಕೊಲೊರಾಡೋ ನದಿಗೆ. ಅಲ್ಲಿಂದ ಕವುನೀಚೆ ಕಣಿವೆಗೆ ಇಳಿಯುತ್ತಿದ್ದಂತೆ ಕಾಡಿನ ಬಣ್ಣವೇ ಬೇರೆಯಾಯಿತು. ಹಸಿರಿನ ನಡುವೆ ಬೂದಿ ಬಣ್ಣದ, ಎಲೆಯಿಲ್ಲದ ಲಾಡ್ಜ್‌ಪೋಲ್ ಪೈನ್ ಕಂಬಗಳು. ಆಮೇಲೆ ಪೂರ್ತಿ ಕಪ್ಪು. ಕಿಲೋಮೀಟರ್‌ಗಟ್ಟಲೆ ಸುಟ್ಟ ಕಂಬಗಳು.

ಕೊಲೊರಾಡೋದಲ್ಲಿ ಈ ಹುಳುವಿನ ಹಾವಳಿ 1996ರಲ್ಲಿ ಶುರುವಾಗಿ 2013ರ ಹೊತ್ತಿಗೆ ಸುಮಾರು 34 ಲಕ್ಷ ಎಕರೆ ಕಾಡಿಗೆ ತಗುಲಿತ್ತು. ಗ್ರ್ಯಾಂಡ್ ಲೇಕ್ ಇರುವ ಈ ಕಡೆ ಅದರ ನಟ್ಟನಡುವೆ. ಹುಳುವಿನ ಹೆಸರು ಮೌಂಟನ್ ಪೈನ್ ಬೀಟಲ್. ಉದ್ದ ಅರ್ಧ ಸೆಂಟಿಮೀಟರ್. ಹಿಂದೆ ಇದನ್ನು ಹದ್ದುಬಸ್ತಿನಲ್ಲಿಟ್ಟದ್ದು ಚಳಿ. ನಡುಚಳಿಗಾಲದಲ್ಲಿ ಸೊನ್ನೆಗಿಂತ 35 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕೆಳಗೆ ಕೆಲವು ದಿನ ಬಿಡದೆ ಇಳಿದರೆ ತೊಗಟೆಯೊಳಗಿನ ಮರಿಗಳು ಸಾಯುತ್ತವೆ. ಅಂಥ ಚಳಿ ಅಪರೂಪವಾಯಿತು. ಮೇಲಿಂದ ಬರ ಬಂತು. ಕಾಡೆಲ್ಲಾ ಒಂದೇ ವಯಸ್ಸಿನ ಮರಗಳು. ಹುಳುವಿಗೆ ಹಬ್ಬ.

ಸಂಜೆ ಗ್ರ್ಯಾಂಡ್ ಲೇಕ್ ಬೀದಿಯಲ್ಲಿ ಮರದ ಸಾಮಾನಿನ ಅಂಗಡಿಗೆ ನುಗ್ಗಿದೆವು. ಹಲಗೆಗಳ ಮೇಲೆ ನೀಲಿ-ಬೂದು ಗೆರೆಗಳು, ಶಾಯಿ ಚೆಲ್ಲಿದ ಹಾಗೆ. ಹುಳು ತನ್ನ ಬಾಯಿಯ ಹತ್ತಿರ ಹೊತ್ತು ತರುವ ಶಿಲೀಂಧ್ರ ಬಿಟ್ಟ ಗುರುತು ಅದು. ಮರದಲ್ಲಿ ನೀರು ಮೇಲೆ ಹತ್ತುವ ದಾರಿಯನ್ನು ಅದೇ ಕಟ್ಟಿಹಾಕುತ್ತದೆ. ಹಲಗೆಯ ಗಟ್ಟಿತನ ಮಾತ್ರ ಹೋಗುವುದಿಲ್ಲ. ಈಗ ಅದಕ್ಕೇ ಗಿರಾಕಿ ಜಾಸ್ತಿ.

ಅಂಗಡಿಯಾಕೆಗೆ ಅಪ್ಪನ ಪ್ರಶ್ನೆಗಳಿಂದ ಖುಷಿಯೋ ಖುಷಿ. ನಾನು ನಡುವೆ ಕೂತು ಭಾಷಾಂತರ. "ಹುಳು ಹೊಡೆದು ಸೊಪ್ಪು ಕೆಂಪಗಾದ ವರ್ಷಗಳಲ್ಲಿ ಇಡೀ ಬೆಟ್ಟ ತುಕ್ಕು ಹಿಡಿದ ಹಾಗಿತ್ತು. ಬೇಸಿಗೆ ಮಧ್ಯಾಹ್ನ ಬಾಗಿಲು ತೆರೆದ್ರೆ ಪೇಂಟ್ ಅಂಗಡಿಯೊಳಗೆ ನಿಂತ ವಾಸನೆ. ಆಮೇಲೆ ಮರ ಬೂದಿ ಬಣ್ಣಕ್ಕೆ ತಿರುಗಿತು, ವಾಸನೆಯೂ ಹೋಯ್ತು. ಆಮೇಲೆ ಬೆಂಕಿ" ಅಂದರು.

ಬೆಂಕಿ ಅಂದರೆ 2020ರ ಈಸ್ಟ್ ಟ್ರಬಲ್‌ಸಮ್. ಅಕ್ಟೋಬರ್ 21ರಿಂದ ಒಂದೇ ದಿನದ ಅವಧಿಯಲ್ಲಿ ಒಂದು ಲಕ್ಷ ಎಕರೆಗೂ ಹೆಚ್ಚು ಸುಟ್ಟಿತು. ಒಟ್ಟು 1,93,812 ಎಕರೆ. ನಾವು ಬೆಳಿಗ್ಗೆ ದಾಟಿದ ಆ ಮರವಿಲ್ಲದ ಬಂಡೆಬಯಲಿನ ಮೇಲಿಂದ ಕಿಡಿ ಹಾರಿ ಎಸ್ಟೆಸ್ ಕಡೆಗೂ ಬಿತ್ತು. ಎರಡೂ ಊರಿನವರು ಮನೆ ಬಿಟ್ಟು ಓಡಿದರು. ಆಕೆ ರಾತ್ರಿ ಕಾರಿನಲ್ಲಿ ಕೂತಾಗ ಮುಂದಿನ ಗಾಡಿಯ ದೀಪವೂ ಕಾಣದಷ್ಟು ಹೊಗೆ ಇತ್ತಂತೆ.

"ಹುಳುವಿನಿಂದಲೇ ಬೆಂಕಿ ಹತ್ತಿದ್ದಾ?" ಅಪ್ಪ ಕೇಳಿದರು. ಇದಕ್ಕೆ ಸುಲಭದ ಉತ್ತರ ಇಲ್ಲ. ಸೂಜಿಎಲೆ ಕೆಂಪಗಾಗಿ ಇನ್ನೂ ಕೊಂಬೆಯಲ್ಲೇ ಇರುವಾಗ ಬೇಗ ಹೊತ್ತಿಕೊಳ್ಳುತ್ತದೆ. ಎಲೆ ಉದುರಿದ ಮೇಲೆ ತುದಿಯಿಂದ ತುದಿಗೆ ಹಾರಲು ಬೆಂಕಿಗೆ ಮೇಲುಗಡೆ ಮೇವು ಕಮ್ಮಿ. ಆದರೆ ಬಿದ್ದ ದಿಮ್ಮಿಗಳು ನೆಲದಲ್ಲಿ ರಾಶಿಯಾಗುತ್ತವೆ. ಬರ, ಗಾಳಿ ಇವೆರಡು ಜೋರಾಗಿದ್ದರೆ ಹಸಿರು ಮರವೂ ನಿಲ್ಲುವುದಿಲ್ಲ. ಆ ಅಕ್ಟೋಬರಿನಲ್ಲಿ ಎರಡೂ ಇದ್ದವು.

ರಾತ್ರಿ ಊಟಕ್ಕೆ ಅಪ್ಪ ಟ್ರೌಟ್ ಮೀನು ತಿಂದರು. ಚೆನ್ನಾಗಿದೆ, ಆದರೆ ಭದ್ರೆಯ ಮೀನಲ್ಲ ಅಂತ ಷರಾ. ಕ್ಯಾಬಿನ್ನಿನ ಸುತ್ತ ಉಳಿದಿದ್ದ ಪೈನ್ ಮರಗಳ ವಾಸನೆ ಕತ್ತಲಾದ ಮೇಲೂ ಬರುತ್ತಿತ್ತು. ಓಕ್, ಆಸ್ಪೆನ್‌ನಂಥ ಮರಗಳು ಐಸೊಪ್ರೀನ್ ಅನ್ನುವ ಇನ್ನೊಂದು ಬಗೆಯ ಆವಿ ಬಿಡುವುದು ಬೆಳಕಿದ್ದಾಗ ಮಾತ್ರ. ಪೈನ್ ತನ್ನ ಟರ್ಪೀನನ್ನು ಅಂಟಿನ ನಾಳಗಳಲ್ಲಿ ತುಂಬಿಟ್ಟುಕೊಂಡಿರುತ್ತದೆ, ಸೆಖೆ ಇದ್ದಷ್ಟು ಹೊತ್ತೂ ಸೋರುತ್ತಲೇ ಇರುತ್ತದೆ.

ಭಾನುವಾರ: ಗ್ರ್ಯಾನ್‌ಬಿ, ರ‍್ಯಾಬಿಟ್ ಇಯರ್ಸ್ ಪಾಸ್, ಸ್ಟೀಮ್‌ಬೋಟ್

ಬೆಳಿಗ್ಗೆ ಗ್ರ್ಯಾನ್‌ಬಿಯಲ್ಲಿ ಹಸಿಮೆಣಸಿನ ಗೊಜ್ಜು ಸುರಿದ ಬರ್ರಿಟೋ. ಕೊಲೊರಾಡೋದ ಗ್ರೀನ್ ಚಿಲಿ ಅಂದರೆ ಇದೇ. ಅಮೆರಿಕದ ಊಟದಲ್ಲಿ ಅಪ್ಪ ಎರಡನೇ ಸಲ ಹಾಕಿಸಿಕೊಂಡದ್ದು ಇದೊಂದನ್ನೇ. ಕ್ರೆಮ್ಲಿಂಗ್‌ನಲ್ಲಿ ಪೆಟ್ರೋಲ್ ತುಂಬಿಸಿ ಘಾಟಿ ಹತ್ತಿದೆವು. ಮುಂದೆ ಸ್ಟೀಮ್‌ಬೋಟ್ ತನಕ ಬಂಕ್ ಹುಡುಕುತ್ತಾ ಕೂರುವುದು ಬೇಡ ಅಂತಿದ್ದರೆ ಇಲ್ಲೇ ತುಂಬಿಸಿ.

ದಾರಿಯಲ್ಲಿ ಒಂದು ಕ್ಯಾಂಪ್ ಮೈದಾನದ ಬಳಿ ನಿಲ್ಲಿಸಿ ಚಿತ್ರಾನ್ನದ ಡಬ್ಬಿ ತೆಗೆದೆವು. ಉಪ್ಪಿನಕಾಯಿ ಉಳಿದಷ್ಟೇ. ಊಟ ಮುಗಿಸಿ ಅಪ್ಪ ಒಂದು ಲಾಡ್ಜ್‌ಪೋಲ್ ಮರದ ಬುಡಕ್ಕೆ ಹೋದವರು ವಾಪಸ್ ಬರಲೇ ಇಲ್ಲ. ಹೋಗಿ ನೋಡಿದರೆ ಮೊಣಕಾಲೂರಿ ಕೂತಿದ್ದಾರೆ.

ಕಾಂಡದ ಮೇಲೆ ಅಲ್ಲಲ್ಲಿ ಅಂಟು ಉಕ್ಕಿ, ಜೋಳದ ಅರಳಿನ ಹಾಗೆ ಗಂಟು ಕಟ್ಟಿತ್ತು. ಕೆಲವು ಬಿಳಿ, ಕೆಲವಕ್ಕೆ ಮರದ ಪುಡಿ ಬೆರೆತು ಕೆಂಪು. ಒಂದೊಂದು ಗಂಟಿನ ನಡುವೆಯೂ ತೂತು. ಹುಳು ಕೊರೆದು ಒಳಗೆ ಹೋಗುವಾಗ ಮರ ಅದನ್ನು ಅಂಟಿನಿಂದ ನೂಕಿ ಹೊರಗೆ ಹಾಕಲು ನೋಡಿದ ಜಾಗ. ಪಕ್ಕದಲ್ಲಿ ಬಿದ್ದಿದ್ದ ಹಳೆಯ ದಿಮ್ಮಿಯ ತೊಗಟೆಯನ್ನು ಅಪ್ಪ ಎತ್ತಿದರು. ಒಳಗೆ ಕೆಳತುದಿ ಕೊಕ್ಕೆಯಂತೆ ಬಾಗಿದ ಉದ್ದ ಸುರಂಗ. ಅದರ ಎರಡೂ ಪಕ್ಕ ಮರಿಗಳು ತಿಂದ ಸಣ್ಣ ಅಡ್ಡದಾರಿಗಳು.

"ಬೋರರ್!" ಅಂದರು ಅಪ್ಪ. ಊರಿನವರು ಎದುರು ಸಿಕ್ಕಷ್ಟು ಸಂತೋಷ.

ಅರೇಬಿಕಾ ತೋಟದವರಿಗೆ ಬಿಳಿ ಕಾಂಡಕೊರಕವೇ ಜನ್ಮಶತ್ರು. ಅಪ್ಪ ಪ್ರತಿ ವರ್ಷ ಹುಳು ಹಾರುವ ಮೊದಲು ಗಿಡ ಗಿಡ ನೋಡಿಸಿ, ಕಾಂಡದ ಮೇಲೆ ಗೆರೆ ಎದ್ದ ಗಿಡವನ್ನು ಬುಡಸಮೇತ ಕೀಳಿಸಿ ಸುಡಿಸುತ್ತಾರೆ. ನೆರಳು ಕಮ್ಮಿಯಾಗಿ ಬಿಸಿಲು ಬಿದ್ದ ಕಡೆ ಕಾಟ ಜಾಸ್ತಿ. "ನಮ್ಮದು ಒಂದೇ ಹುಳು ಸಾಕು ಗಿಡ ಕೊಲ್ಲೋಕೆ. ಇದು?" ಅಂತ ಕೇಳಿದರು.

ಇದು ಹಾಗಲ್ಲ. ಗಟ್ಟಿಮುಟ್ಟಾದ ಪೈನ್ ಮರವನ್ನು ಒಂದು ಹುಳು ಏನೂ ಮಾಡಲಾರದು. ಅಂಟಿನಲ್ಲಿ ಮುಳುಗಿ ಸಾಯುತ್ತದೆ. ಹಾಗಾಗಿ ಮೊದಲು ಬಂದ ಹೆಣ್ಣು ಊರವರನ್ನೆಲ್ಲಾ ಕರೆಯುತ್ತದೆ. ಕರೆಯುವುದು ವಾಸನೆಯಲ್ಲಿ. ಮರದ್ದೇ ಆಲ್ಫಾ-ಪೈನೀನ್ ಅನ್ನುವ ಟರ್ಪೀನ್ ತಿಂದು, ಅದನ್ನು ಬದಲಿಸಿ, ಟ್ರಾನ್ಸ್-ವರ್ಬೆನಾಲ್ ಅನ್ನುವ ವಾಸನೆಯಾಗಿ ಬಿಡುತ್ತದೆ. ನೂರಾರು ಹುಳುಗಳು ಒಂದೇ ಸಮನೆ ಮುಗಿಬೀಳುತ್ತವೆ. ಮರದಲ್ಲಿ ಜಾಗ ತುಂಬಿದ ಮೇಲೆ ವರ್ಬೆನೋನ್ ಅನ್ನುವ ಇನ್ನೊಂದು ವಾಸನೆ ಹೆಚ್ಚುತ್ತದೆ. ಇಲ್ಲಿ ಹೌಸ್‌ಫುಲ್, ಬೇರೆ ಮರ ನೋಡಿ ಅಂತ. ಕ್ಯಾಂಪ್ ಮೈದಾನದ ಎರಡು ದೊಡ್ಡ ಮರಗಳಿಗೆ ಅಂಗೈಯಗಲದ ಪ್ಲಾಸ್ಟಿಕ್ ಚೀಲ ಹೊಡೆದಿದ್ದರು. ಒಳಗಿರುವುದು ಅದೇ ವರ್ಬೆನೋನ್. ಹಾವಳಿ ಕಮ್ಮಿ ಇದ್ದಾಗ ಈ ಸುಳ್ಳು ಬೋರ್ಡು ಕೆಲಸ ಮಾಡುತ್ತದೆ. ಹುಳು ಮಿತಿಮೀರಿದಾಗ ಅವು ಬೋರ್ಡು ಓದುವುದಿಲ್ಲ.

"ನಮ್ಮಲ್ಲೂ ವಾಸನೆ ಬಲೆ ಕಟ್ಟಿದ್ವಲ್ಲ" ಅಂದರು ಅಪ್ಪ. ಹೌದು, ಕಾಂಡಕೊರಕಕ್ಕೂ ಗಂಡಿನ ವಾಸನೆಯ ಬಲೆ ಇದೆ.

ಈ ಗಲಾಟೆಯಲ್ಲಿ ಮರ ಗಾಳಿಗೆ ಏನು ಬಿಡುತ್ತದೆ ಅನ್ನುವುದನ್ನು ಅಳೆದವರಿದ್ದಾರೆ. ಹುಳು ಹಿಡಿದ ಲಾಡ್ಜ್‌ಪೋಲ್ ಮತ್ತು ಆರೋಗ್ಯವಾಗಿರುವ ಲಾಡ್ಜ್‌ಪೋಲ್, ಎರಡರ ಕಾಂಡದಿಂದಲೂ ಮೇಲಿನ ಸೊಪ್ಪಿನಿಂದಲೂ ಬರುವ ಗಾಳಿಯನ್ನು ಹಿಡಿದು ನೋಡಿದರು. 2012ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಹುಳು ಹಿಡಿದ ಮರ 5ರಿಂದ 20 ಪಟ್ಟು ಜಾಸ್ತಿ ಆವಿ ಬಿಡುತ್ತದೆ. ಅದರಲ್ಲೂ ಬೀಟಾ-ಫೆಲ್ಯಾಂಡ್ರೀನ್ ಅನ್ನುವ ಟರ್ಪೀನ್ ಏರಿದ್ದು ಎದ್ದು ಕಾಣುತ್ತಿತ್ತು. ಸತ್ತು ಒಣಗಿದ ಮೇಲೆ ಮರಕ್ಕೆ ಬಿಡಲು ಏನೂ ಇರುವುದಿಲ್ಲ. ಅಂಗಡಿಯಾಕೆಯ ಮೂಗು ಹೇಳಿದ್ದೂ ಇದನ್ನೇ. ಪೈನ್ ಕಾಡಿಗೆ ಬಂದು 'ಆಹಾ, ಎಂಥ ತಾಜಾ ಗಾಳಿ' ಅಂತ ನಾವು ಎಳೆದುಕೊಳ್ಳುವ ಉಸಿರಿನಲ್ಲಿ ಒಂದು ಪಾಲು ಮರದ ಗಾಯದ್ದು.

ಏಳುವಾಗ ಗೊತ್ತಾಯಿತು, ಅಪ್ಪ ಕೂತದ್ದು ಅಂಟಿನ ಮೇಲೆ. ಪ್ಯಾಂಟು ದಿಮ್ಮಿಗೆ ಅಂಟಿ ಬಿಡಿಸಬೇಕಾಯಿತು. ಸೋಪು ಹಾಕಿದರೆ ಇನ್ನಷ್ಟು ಹರಡುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ, ಆಮೇಲೆ ಸೋಪು. ಕೈಗಾದರೆ ಉಪ್ಪಿನಕಾಯಿ ಎಣ್ಣೆಯೂ ಆದೀತು ಅಂತ ಅಪ್ಪನೇ ಕಂಡುಹಿಡಿದರು.

ರ‍್ಯಾಬಿಟ್ ಇಯರ್ಸ್ ಪಾಸ್ ಮೇಲೆ ಇದ್ದಕ್ಕಿದ್ದಂತೆ ಆಲಿಕಲ್ಲು. ಕಾರಿನ ತಗಡಿನ ಮೇಲೆ ಆ ಸದ್ದಿಗೆ ಮಾತು ಕೇಳಿಸಲಿಲ್ಲ. ಕಾಲು ಗಂಟೆಗೆ ಬಿಸಿಲು. ಇಳಿಜಾರಿನಲ್ಲಿ ಯಾಂಪಾ ಕಣಿವೆ ಪೂರ್ತಿ ತೊಳೆದಿಟ್ಟಂತೆ ತೆರೆದುಕೊಂಡಿತು. ಆಸ್ಪೆನ್ ಫೋಟೋ ತೆಗೆದದ್ದು ಇಲ್ಲೇ.

ಸೋಮವಾರ: ಸ್ಟೀಮ್‌ಬೋಟ್ ಸ್ಪ್ರಿಂಗ್ಸ್

ಲಾಡ್ಜಿನ ತಿಂಡಿಯ ಬಗ್ಗೆ ಹೇಳದಿರುವುದೇ ವಾಸಿ. ಪೇಟೆಯಲ್ಲಿ ಕಾಫಿ ಕುಡಿದು ಫಿಶ್ ಕ್ರೀಕ್ ಜಲಪಾತಕ್ಕೆ ನಡೆದೆವು. ದಾರಿ ಸಲೀಸು. ಈ ತಿಂಗಳಲ್ಲಿ ನೀರು ಕಮ್ಮಿ, ಜನವೂ ಕಮ್ಮಿ.

ಸೇತುವೆಯ ಮೇಲೆ ಸಿಕ್ಕ ಒಬ್ಬ ಅಜ್ಜ ಚಳಿಗಾಲದಲ್ಲಿ ಸ್ಕೀ ಲಿಫ್ಟಿನ ಕೆಲಸ ಮಾಡುವವರು. ಎದುರಿನ ಬೆಟ್ಟ ತೋರಿಸಿದರು. ಅದರ ನೆತ್ತಿಯ ಹತ್ತಿರ, ಸುಮಾರು 10,500 ಅಡಿಯಲ್ಲಿ, ಸ್ಟಾರ್ಮ್ ಪೀಕ್ ಪ್ರಯೋಗಾಲಯ ಇದೆ. ಚಳಿಗಾಲದಲ್ಲಿ ಎಷ್ಟೋ ಸಲ ಮೋಡದೊಳಗೇ ಇರುತ್ತದೆ. ಗಾಳಿಯಲ್ಲಿ ತೇಲುವ ಕಣಗಳನ್ನು, ಅವು ಮೋಡದ ಹನಿಯಾಗುವುದನ್ನು ಅಳೆಯುವುದು ಅಲ್ಲಿನ ಕೆಲಸ. "ಉಪಕರಣಗಳನ್ನ ಲಿಫ್ಟಲ್ಲಿ ಹಾಕಿ ಕಳಿಸಿದ್ದೀನಿ" ಅಂದರು ಅಜ್ಜ ಹೆಮ್ಮೆಯಿಂದ.

ಅವರೇ 1997ರ ಕಥೆಯನ್ನೂ ಹೇಳಿದರು. ಅಕ್ಟೋಬರ್ 25. ಊರಿನ ಉತ್ತರದ ರೌಟ್ ಕಾಡಿನಲ್ಲಿ ಗಂಟೆಗೆ 120 ಮೈಲಿಗೂ ಮಿಕ್ಕಿದ ಗಾಳಿ ಬೀಸಿ ಲಕ್ಷಗಟ್ಟಲೆ ಮರ ನೆಲಕ್ಕೊರಗಿತು. ಬಿದ್ದ ಸ್ಪ್ರೂಸ್ ಮರಗಳಲ್ಲಿ ಅಂಟು ಉಕ್ಕಿಸುವ ಶಕ್ತಿ ಇಲ್ಲ. ಸ್ಪ್ರೂಸ್ ಬೀಟಲ್‌ಗೆ ಅದೇ ತೊಟ್ಟಿಲು. ಅಲ್ಲಿ ಬೆಳೆದು ನಿಂತ ಮರಗಳಿಗೆ ಹಾರಿತು. "ಗಾಳಿ, ಹುಳು, ಬೆಂಕಿ. ನಮ್ಮ ಕಾಡಿಗೆ ಈ ಮೂರೂ ಗೊತ್ತು. ಇಷ್ಟು ಬೇಗ ಬೇಗ ಬರೋದು ಗೊತ್ತಿರಲಿಲ್ಲ" ಅಂದರು.

ಮಧ್ಯಾಹ್ನ ಓಲ್ಡ್ ಟೌನ್ ಹಾಟ್ ಸ್ಪ್ರಿಂಗ್ಸ್‌ನ ಬಿಸಿನೀರಿನಲ್ಲಿ ಅಪ್ಪ ಕಣ್ಣುಮುಚ್ಚಿ ಕೂತರು. ನಾನು ಬೆಂಚಿನ ಮೇಲೆ ಕೂತು, ಬೋಲ್ಡರ್‌ನ ಹಿರಿಯರು ಹೇಳಿದ್ದ ಒಂದು ಲೇಖನ ಓದಿದೆ. 2013ರದ್ದು. ಮೇಸಾ ಲ್ಯಾಬ್‌ನ ಕೇಂದ್ರದವರ ಭೂಮಿ-ಹವಾಮಾನದ ಕಂಪ್ಯೂಟರ್ ಮಾದರಿಗೆ 14 ವರ್ಷಗಳ ಮರಸಾವಿನ ಲೆಕ್ಕ ಹಾಕಿ, ಪಶ್ಚಿಮ ಉತ್ತರ ಅಮೆರಿಕದ ಗಾಳಿಗೆ ಏನಾಗಿರಬಹುದು ಅಂತ ನೋಡಿದ್ದರು. ಹುಳು ಮುತ್ತಿದ ಮರ ಜಾಸ್ತಿ ಬಿಡುತ್ತದೆ, ಸತ್ತ ಮರ ಏನೂ ಬಿಡುವುದಿಲ್ಲ. ಈ ಕೂಡು-ಕಳೆ ಎರಡೂ ಲೆಕ್ಕದಲ್ಲಿವೆ. ಹಾವಳಿಯ ಜಾಗಗಳಲ್ಲಿ ಕೆಲವು ವರ್ಷ ಮಾನೊಟರ್ಪೀನ್ 4 ಪಟ್ಟಿನವರೆಗೆ, ಅದರಿಂದಾಗುವ ಸಣ್ಣ ಕಣಗಳು 40%ವರೆಗೆ ಏರಿದವು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2004ರಲ್ಲಿ, ಅಮೆರಿಕದಲ್ಲಿ 2008ರಲ್ಲಿ ಏರಿಕೆ ತುದಿ ಮುಟ್ಟಿತು. ಹುಳು ಹಿಡಿದ ಸ್ಪ್ರೂಸ್‌ನಂತೆ ಮರಗಳು ಆವಿ ಬಿಟ್ಟರೆ ಅನ್ನುವ ಇನ್ನೊಂದು ಲೆಕ್ಕದಲ್ಲಿ, ಕೆಲವು ಕಡೆ ಬೇಸಿಗೆಯ ಕಣ 3 ಪಟ್ಟು.

ಓದುತ್ತಾ ಎದೆ ಧಸಕ್ಕೆಂದಿತು. ಆಮೇಲೆ ಅವರೇ ಬರೆದ ಮುಂದಿನ ಸಾಲು. ಕಾಳ್ಗಿಚ್ಚಿನ ಹೊಗೆಯಿಂದ ವರ್ಷ ವರ್ಷಕ್ಕೂ ಆಗುವ ಏರುಪೇರಿನ ಮುಂದೆ ಇದು ಹೆಚ್ಚಿನ ಕಡೆ ಸಣ್ಣದು, ಈಗಿರುವ ಅಳತೆಕೇಂದ್ರಗಳ ಕಣ್ಣಿಗೆ ಬೀಳುವುದೂ ಕಷ್ಟ. ಆದರೂ ನ್ಯಾಷನಲ್ ಪಾರ್ಕುಗಳಲ್ಲಿ ನೋಟ ತಿಳಿಯಾಗಿಸುವ ಗುರಿಗೆ ತೊಡಕಾಗಬಹುದು. ನನಗೆ ಈ ಪ್ರಾಮಾಣಿಕತೆ ಹಿಡಿಸಿತು. ಹುಳುವಿನ ಮೇಲೆ ಎಲ್ಲ ಹೊರಿಸಿ ದೊಡ್ಡ ತಲೆಬರಹ ಮಾಡುವುದು ಸುಲಭವಿತ್ತು.

ಬಿಸಿನೀರಿನಿಂದ ಎದ್ದ ಅಪ್ಪನಿಗೆ ಇದನ್ನು ಹೇಳಿದೆ. "ಅಂದ್ರೆ ಹುಳುವಿನದ್ದು ಹೊಗಳಿಕೆ ಜಾಸ್ತಿ ಅಂತಾಯ್ತು" ಅಂದರು.

ಮಂಗಳವಾರ: ವಾಲ್ಡನ್, ಪೂಡರ್ ಕಣಿವೆ, ಮನೆ

ವಾಪಸ್ ಬಂದದ್ದು ವಾಲ್ಡನ್ ಮೇಲಿಂದ. ನಾರ್ತ್ ಪಾರ್ಕ್ ಅನ್ನುವ ಅಗಲ ಬಯಲು, ಸುತ್ತ ಬೆಟ್ಟ. ಗೌಲ್ಡ್ ದಾಟಿದ ಮೇಲೆ ಮೂಸ್ ಅನ್ನುವ ಭಾರೀ ಕಡವೆಯೊಂದು ರಸ್ತೆಯ ನಡುವೆ ನಿಂತುಬಿಟ್ಟಿತು. ಹಾರ್ನ್ ಮಾಡಬಾರದು, ಇಳಿಯಬಾರದು. ಅದಕ್ಕೆ ಬೇಸರ ಬರುವ ತನಕ ಕಾದೆವು. ಹಿಂದೆ ನಿಂತ ಟ್ರಕ್ಕಿನವನು ಎಂಜಿನ್ ಆರಿಸಿ ಸ್ಯಾಂಡ್‌ವಿಚ್ ತೆಗೆದ. ಈ ದಾರಿಯಲ್ಲಿ ಫೋನಿಗೆ ಸಿಗ್ನಲ್ ಇರುವುದಿಲ್ಲ, ಮ್ಯಾಪ್ ಮೊದಲೇ ಇಳಿಸಿಕೊಂಡಿರಿ.

ಕ್ಯಾಮರಾನ್ ಪಾಸ್ ಇಳಿದು ಪೂಡರ್ ಕಣಿವೆಗೆ ಬಂದರೆ ಮತ್ತೆ ಸುಟ್ಟ ಕಂಬಗಳು. 2020ರದ್ದೇ ಕ್ಯಾಮರಾನ್ ಪೀಕ್ ಬೆಂಕಿ. 2,08,913 ಎಕರೆ. ಕೊಲೊರಾಡೋದಲ್ಲಿ ದಾಖಲಾದವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಆಗಸ್ಟಿನಲ್ಲಿ ಹೊತ್ತಿದ್ದು ಡಿಸೆಂಬರ್ ಬಂದಾಗ ಹತೋಟಿಗೆ ಬಂತು. ಆ ವರ್ಷ ಅರೋರಾದಲ್ಲಿ ನಾವು ಕಿಟಕಿ ಸಂದಿಗೆ ಒದ್ದೆ ಟವೆಲ್ ತುರುಕಿದ್ದು ಈ ಕಾಡಿನ ಹೊಗೆಗೆ.

ಕಪ್ಪು ಕಂಬಗಳ ಬುಡದಲ್ಲಿ ಮೊಣಕಾಲೆತ್ತರದ ಹಸಿರು ಎದ್ದಿದೆ. ಲಾಡ್ಜ್‌ಪೋಲ್‌ನ ಕೆಲವು ಕಾಯಿಗಳು ಅಂಟಿನಿಂದ ಮುಚ್ಚಿಕೊಂಡಿರುತ್ತವೆ, ಬೆಂಕಿಯ ಶಾಖಕ್ಕೆ ಬಾಯಿ ಬಿಟ್ಟು ಬೀಜ ಉದುರಿಸುತ್ತವೆ. ಅಪ್ಪ ಒಂದು ಕಾಯಿ ಎತ್ತಿ ನೋಡಿ ಅಲ್ಲೇ ಇಟ್ಟರು. ಎಷ್ಟೋ ಕಡೆ ಮಾತ್ರ ಪೈನ್ ಇದ್ದ ಜಾಗದಲ್ಲಿ ಬೇರಿನಿಂದ ಆಸ್ಪೆನ್ ಚಿಗುರಿದೆ. ಹಾಗಾದಲ್ಲಿ ಈ ಬೆಟ್ಟದ ಉಸಿರೂ ಬದಲಾಗುತ್ತದೆ. ಮಾನೊಟರ್ಪೀನ್ ಕಮ್ಮಿ, ಐಸೊಪ್ರೀನ್ ಜಾಸ್ತಿ. ವಾಸನೆಯ ಕಾಡು ಹೋಗಿ ನಮ್ಮ ಮೂಗಿಗೆ ಗೊತ್ತೇ ಆಗದ ಆವಿಯ ಕಾಡು.

ಫೋರ್ಟ್ ಕಾಲಿನ್ಸ್‌ನಲ್ಲಿ ಅನ್ನ-ಸಾರು ಸಿಕ್ಕಿತು. ರಾಜ್ಯದ ಅರಣ್ಯ ಸೇವೆಯ ಕಚೇರಿ ಇರುವ ಊರು ಇದು. ಪ್ರತಿ ವರ್ಷ ಸಣ್ಣ ವಿಮಾನದಲ್ಲಿ ಕಾಡಿನ ಮೇಲೆ ಹಾರಿ, ಯಾವ ಬೆಟ್ಟ ಕೆಂಪಗಾಗಿದೆ ಅಂತ ಗುರುತು ಹಾಕುವವರಲ್ಲಿ ಇವರೂ ಇದ್ದಾರೆ. ಈಚಿನ ವರ್ಷಗಳಲ್ಲಿ ಆ ಗುರುತುಗಳು ಬೆಟ್ಟದ ಈ ಕಡೆ ಹೆಚ್ಚುತ್ತಿವೆ. ಡೆನ್ವರ್, ಬೋಲ್ಡರ್ ಬೆನ್ನಿಗಿರುವ ಫ್ರಂಟ್ ರೇಂಜ್‌ನ ಪಾಂಡೆರೋಸಾ ಮರಗಳಲ್ಲಿ ಅದೇ ಪೈನ್ ಬೀಟಲ್.

ಗ್ರ್ಯಾಂಡ್ ಲೇಕ್ ಕಡೆ ಮರ ಎಷ್ಟೇ ಟರ್ಪೀನ್ ಬಿಟ್ಟರೂ ಅಲ್ಲಿ ವಾಹನ ಕಮ್ಮಿ. ಓಝೋನ್ ಹುಟ್ಟಲು ಮರದ ಆವಿ ಒಂದೇ ಸಾಲದು, ಎಂಜಿನ್‌ಗಳಿಂದ ಬರುವ ನೈಟ್ರೋಜನ್ ಆಕ್ಸೈಡ್ ಮತ್ತು ಬಿಸಿಲು ಬೇಕು. ಈ ಕಡೆ ಅದಕ್ಕೇನೂ ಬರ ಇಲ್ಲ. ಐ-25 ಹೆದ್ದಾರಿಯಲ್ಲಿ ಸಂಜೆ ನಾಲ್ಕು ಸಾಲು ಕಾರುಗಳ ನಡುವೆ ತೆವಳುತ್ತಾ ಇದನ್ನೇ ಯೋಚಿಸುತ್ತಿದ್ದೆ. ಗಾಳಿ ಎಷ್ಟು ಶುದ್ಧ ಅಂತ ಹೇಳುವ ಏರ್‌ನೌ ಆ್ಯಪ್ ಹಳದಿ, ಅಂದರೆ ಸಾಧಾರಣ, ತೋರಿಸುತ್ತಿತ್ತು.

ಮುಂದಿನ ವಾರ ಎವರ್‌ಗ್ರೀನ್‌ನಲ್ಲಿರುವ ಸ್ನೇಹಿತರ ಮನೆಗೆ ಊಟಕ್ಕೆ ಹೋದೆವು. ಮನೆ ಸುತ್ತ ಪಾಂಡೆರೋಸಾ ಮರಗಳು. ಎಲ್ಲರೂ ಪಾಯಸ ಹಾಕಿಕೊಳ್ಳುವಾಗ ಅಪ್ಪ ಹಿತ್ತಲಲ್ಲಿದ್ದರು. ಒಂದು ಮರದ ಮೇಲೆ ಅಂಟಿನ ಗಂಟುಗಳು, ಬುಡದಲ್ಲಿ ಕೆಂಪು ಪುಡಿ. ಸೊಪ್ಪು ಇನ್ನೂ ಅಚ್ಚ ಹಸಿರು. ಸ್ನೇಹಿತರಿಗೆ ನಂಬಿಕೆ ಬರಲಿಲ್ಲ. "ಎಲೆ ಕೆಂಪಗಾಗೋ ತನಕ ಕಾಯಬೇಡಿ, ಅಷ್ಟರಲ್ಲಿ ಪಕ್ಕದ ಮರಕ್ಕೆ ಹೋಗಿರತ್ತೆ" ಅಂತ ಅಪ್ಪ ಪಟ್ಟು ಹಿಡಿದರು. ಸೋಮವಾರ ಸ್ನೇಹಿತರು ಅರಣ್ಯದವರಿಗೆ ಫೋನ್ ಮಾಡಿದರು. ಅವರು ಬಂದು ನೋಡಿ, ಬರುವ ಬೇಸಿಗೆಯಲ್ಲಿ ಹುಳು ಹಾರುವ ಮೊದಲು ಮರ ಕಡಿದು ತೊಗಟೆ ಸುಲಿಯಿರಿ ಅಂದಿದ್ದಾರೆ. ಕೂಲಿ ಎಷ್ಟಾಗುತ್ತದೆ ಅಂತ ಕೇಳಿದ ಅಪ್ಪ, ಆ ಡಾಲರನ್ನು ರೂಪಾಯಿಗೆ ತಿರುಗಿಸಿ, ತಾನೇ ಇನ್ನೊಂದು ತಿಂಗಳು ಉಳಿದು ಸುಲಿದುಕೊಡುತ್ತೇನೆ ಅನ್ನುತ್ತಿದ್ದಾರೆ.